ಚಟ್ನಿ ಹಾಡಿಗೆ ಒಂದು ಅಂಕ

ಇಂದುಮತಿ ಟೀಚರ್ ಅಂಕ ಕೊಡಲು ಕೂತರೆಂದರೆ ಸಾಕ್ಷಾತ್ ಸರಸ್ವತಿಯೇ ಇಳಿದು ಬಂದು ಹಾಡಿದರೂ ಹತ್ತಕ್ಕೆ ಹತ್ತು ಬೀಳುವುದು ಅನುಮಾನ. ಹುಬ್ಬಳ್ಳಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಜೀವಮಾನವಿಡೀ ಸಂಗೀತ ಕಲಿಸಿ ನಿವೃತ್ತರಾದ ಹೆಂಗಸು ಅವರು. ಈಗ ಧಾರವಾಡ ರಸ್ತೆಯ ಬಾಲನಾದ ಕೇಂದ್ರದಲ್ಲಿ ಪರೀಕ್ಷಕಿ. ಗಾಜಿನ ಪುಟ್ಟ ಕೋಣೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎಲ್ಲೆಲ್ಲಿಯದೋ ಮಕ್ಕಳು ತಾವೇ ಕಟ್ಟಿದ ಗುನುಗನ್ನು ಕೇಳಿ, ಅದು ಎಷ್ಟು ಸೃಜನಶೀಲವಾಗಿದೆ ಎಂದು ಒಂದರಿಂದ ಹತ್ತರೊಳಗೆ ಒಂದು ಗುಂಡಿ ಒತ್ತುವುದು ಅವರ ಕೆಲಸ.

ಆ ದಿನ ಬಂದ ಒಂದು ಗುನುಗನ್ನು ಕೇಳಿ ಅವರು ಹೆಡ್‌ಫೋನನ್ನೇ ಕಿತ್ತು ಮೇಜಿನ ಮೇಲಿಟ್ಟರು.

"ಯವ್ವಾ! ಯಾರ ಕೂಸೋ ಏನೋ, ನನ್ನ ಕಿವಿ ತೂತು ಬಿದ್ದು ಹೋತು. ಷಡ್ಜ ಎಲ್ಲೈತಿ, ಪಂಚಮ ಎಲ್ಲೈತಿ, ಒಂದಕ್ಕೂ ಗೊತ್ತು ಗುರಿ ಇಲ್ಲ. ಸುಮ್ಮನ ಜಾರಕೋತ ಕೆಳಗ ಬರತೈತಿ, ಮತ್ತ ಎಳಕೋತ ಮ್ಯಾಲ ಹೋಗತೈತಿ."

ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಇಮ್ತಿಯಾಜ್ ಬಾಗಿಲಿನಲ್ಲಿ ನಿಂತು ನಕ್ಕ. "ಹಂಗಾದ್ರ ಎಷ್ಟು ಕೊಡ್ತೀರಿ ಟೀಚರ?"

"ಒಂದು. ನಿಮ್ಮ ಮಷಿನ್ನಿನಾಗ ಸೊನ್ನಿ ಇಲ್ಲಲ್ಲ, ಅದಕ್ಕ ಒಂದು."

ಗುಂಡಿ ಒತ್ತಿ, ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಅವರು ಮುಂದಿನ ಮಗುವಿಗೆ ಕಿವಿ ಕೊಟ್ಟರು.

ಈ ಕೇಂದ್ರ ಯಾಕೆ ಬಂತು ಅನ್ನುವುದನ್ನು ಹೇಳಿಬಿಡಬೇಕು. ಮೂರರಿಂದ ಆರು ವರ್ಷದೊಳಗಿನ ಮಕ್ಕಳು ತಮ್ಮಷ್ಟಕ್ಕೆ ತಾವು ಹಾಡು ಕಟ್ಟಿಕೊಂಡು ಗುನುಗುತ್ತವಲ್ಲ, ಆಗ ಮಿದುಳಿನಲ್ಲಿ ಕಿವಿಗೂ ಗಂಟಲಿಗೂ ನಡುವೆ ಹೊಸ ದಾರಿಗಳು ಮೂಡುತ್ತವೆ, ಆ ದಾರಿಗಳೇ ಮುಂದೆ ಹೊಸದನ್ನು ಯೋಚಿಸುವ ಶಕ್ತಿಗೆ ಬುನಾದಿ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದರು. ಒಳ್ಳೆಯ ಸುದ್ದಿ. ಕೇಳಿ ಸಂತೋಷಪಟ್ಟು, ಮಕ್ಕಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ನಮ್ಮ ಜನ ಬಿಡುವವರೇ? ನಮ್ಮ ಮಗುವಿನದು ಎಷ್ಟಿದೆ, ಪಕ್ಕದ ಮನೆಯ ಮಗುವಿನದು ಎಷ್ಟಿದೆ, ಹೆಚ್ಚಿಸಲು ಏನು ಮಾಡಬೇಕು ಎಂದು ಪಾಲಕರು ಶಾಲೆಗಳ ಮುಂದೆ ಸಾಲುಗಟ್ಟಿದರು. ಹಾಗೆ ಹುಟ್ಟಿದ್ದು ಕಿವಿಮಣಿ.

ಕಿವಿಯ ಹಿಂದೆ ಅಂಟಿಸುವ ಕಡಲೆಕಾಳಿನಷ್ಟು ದೊಡ್ಡ ಮಣಿ ಅದು. ಮೊದಲ ಕೆಲವು ವಾರ ಅದು ಬರೀ ಕೇಳಿಸಿಕೊಳ್ಳುತ್ತದೆ. ಮಗುವಿನ ಗುನುಗನ್ನು ಹಿಡಿದು, ಸುತ್ತಲಿನ ಸದ್ದುಗದ್ದಲವನ್ನೆಲ್ಲ ಸೋಸಿ, ಮಗುವಿನ ದನಿಯನ್ನೂ ತೆಗೆದು, ಬರೀ ಸ್ವರದ ಏರಿಳಿತವನ್ನು ಕೊಳಲಿನ ನಾದಕ್ಕೆ ತಿರುಗಿಸಿ ಕೇಂದ್ರಕ್ಕೆ ಕಳಿಸುತ್ತದೆ. ಯಾರ ಮಗು ಎಂದು ಗೊತ್ತಾದರೆ ಪಕ್ಷಪಾತವಾದೀತಲ್ಲ, ಅದಕ್ಕೆ. ಇಂದುಮತಿಯಂಥ ಸಂಗೀತ ಶಿಕ್ಷಕರು, ಮತ್ತೆ ಆಯ್ದ ಪಾಲಕರು ಕೂತು ಅಂಕ ಕೊಡುತ್ತಾರೆ. ಸೃಜನಶೀಲತೆ ಅಂದರೇನು ಎಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಟೀಚರುಗಳಿಗೂ ತಾಯ್ತಂದೆಯರಿಗೂ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ ಎಂದು ಅವರ ಅಂಕಗಳನ್ನೇ ಅದಕ್ಕೆ ಉಣಿಸಿದ್ದರು.

ಇದರಲ್ಲಿ ಇಂದುಮತಿಯವರ ಒಂದು ಕೊಡುಗೆಯೂ ಇತ್ತು. ಮೊದಲ ದಿನವೇ ಅವರು ಮನೆಯಿಂದ ತಮ್ಮ ತಂಬೂರಿ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. "ಶ್ರುತಿ ಇಲ್ಲದ ನಾ ಏನೂ ಕೇಳಾಕಿ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ, ಅದನ್ನು ಹಚ್ಚಿಟ್ಟುಕೊಂಡೇ ಕೂತರು. ಅವರನ್ನು ನೋಡಿ ಪಕ್ಕದ ಕೋಣೆಯವರೂ ತಂದರು. ಶ್ರುತಿ ಹಚ್ಚಿದ ಮೇಲೆ ಎಲ್ಲರ ಅಂಕಗಳೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿದವೆಂದರೆ ಇಂಜಿನಿಯರುಗಳು ಕುಣಿದಾಡಿಬಿಟ್ಟರು. ಮರುವಾರವೇ ಎಲ್ಲ ಕೋಣೆಗಳ ಗೋಡೆಯೊಳಗೆ ಶ್ರುತಿ ಕೂತಿತು.

*

ಇಂದುಮತಿಯವರ ಮನೆ ಕೇಶ್ವಾಪುರದಲ್ಲಿ. ಮಗ ಪ್ರಸನ್ನ ಬಸ್ ಡಿಪೋದಲ್ಲಿ ಇಂಜಿನಿಯರ್. ಸೊಸೆ ಸುವರ್ಣಾ ಔಷಧಿ ಅಂಗಡಿ ನಡೆಸುತ್ತಾಳೆ. ಅವರ ಒಬ್ಬಳೇ ಮಗಳು ನೀಲಾಂಬಿಕಾ, ಎಲ್ಲರ ಬಾಯಲ್ಲೂ ನೀಲಿ. ನಾಲ್ಕು ತುಂಬಿದೆ. ಬಾಲವಾಡಿಗೆ ಹೋಗುತ್ತಾಳೆ. ಅಲ್ಲಿ ಎಲ್ಲ ಮಕ್ಕಳಂತೆ ಇವಳ ಕಿವಿಯ ಹಿಂದೆಯೂ ಮಣಿ ಅಂಟಿಸಿದ್ದರು. ಇವಳಿಗೊಂದು ವಿಚಿತ್ರ ಚಾಳಿ. ಸುವರ್ಣಾ ಚಟ್ನಿ ರುಬ್ಬಲು ಮಿಕ್ಸಿ ಹಚ್ಚಿದಳೋ, ಎಲ್ಲಿದ್ದರೂ ಓಡಿ ಬಂದು ಅಡುಗೆಮನೆಯ ಕಟ್ಟೆಗೆ ಗಲ್ಲ ಒತ್ತಿಕೊಂಡು ನಿಲ್ಲುತ್ತಿದ್ದಳು. ಕಣ್ಣು ಮುಚ್ಚಿ, ಬಾಯಿ ತೆರೆದು, "ಚಟ್ನೀ ಎಲ್ಲಿಗೆ ಹೊಂಟೀ, ಚಟ್ನೀ ಯಾರ ಮನಿಗೆ" ಎಂದು ತನ್ನದೇ ಏನೋ ಹಾಡು. ಮಿಕ್ಸಿಯ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು?

"ಏ ನೀಲಿ, ಏನದು ಒದರೂದು! ಹಾಡೂದಿದ್ರ ಇಲ್ಲಿ ಬಾ, ಶ್ರುತಿ ಹಿಡಿದು ಹಾಡು" ಎಂದು ಇಂದುಮತಿ ಹಾಲಿನಿಂದಲೇ ಕೂಗುತ್ತಿದ್ದರು. ನೀಲಿ ಬರುತ್ತಿರಲಿಲ್ಲ.

ಕೇಂದ್ರದ ಅಂಕಗಳನ್ನೆಲ್ಲ ಕೂಡಿಸಿದ ನೀಲಿಯ ಸೃಜನಾಂಕ ಬಾಲವಾಡಿಯಿಂದ ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತರಗತಿಗೇ ಕಡಿಮೆ. ಮಾರನೆಯ ದಿನ ಪಾಲಕರನ್ನು ಕರೆಸಿದರು. ಇಂದುಮತಿಯವರೂ ಹೋದರು. ತರಗತಿಯ ಕ್ಷಮಾ ಮಿಸ್ ಇನ್ನೂ ಸಣ್ಣ ಹುಡುಗಿ, ಮಕ್ಕಳೆಂದರೆ ಜೀವ ಬಿಡುವಂಥವಳು. ಇವರ ಮುಂದೆ ಪಾಪ, ಮಾತು ಆಯ್ದು ಆಯ್ದು ಹೇಳಿದಳು.

"ತಪ್ಪು ತಿಳೀಬ್ಯಾಡ್ರಿ. ನೀಲಿ ಭಾಳ ಗುನುಗತಾಳ, ಇಡೀ ದಿನ ಗುನುಗತಾಳ. ಆದ್ರ ಅದು ಒಂದೂ ಹಾಡಿನಂಗ ಇರೂದಿಲ್ಲ ನೋಡ್ರಿ. ಬಾಕಿ ಮಕ್ಕಳು ಎಷ್ಟು ಛಂದ ಹೊಸ ಹೊಸ ಹಾಡು ಕಟ್ಟತಾವು, ಕೇಳಿದ ಕೂಡಲೇ ಎಲ್ಲೋ ಕೇಳೀವಿ ಅನಸತೈತಿ."

ಹೊಸ ಹಾಡು, ಆದರೆ ಎಲ್ಲೋ ಕೇಳಿದಂತೆ ಇರಬೇಕು! ಈ ಮಾತು ಅಲ್ಲಿದ್ದ ನಾಲ್ವರಲ್ಲಿ ಒಬ್ಬರ ಕಿವಿಗಾದರೂ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು.

"ಸಂಗೀತ ಟೀಚರ್ ಮೊಮ್ಮಗಳು ಅಂತ ಹೇಳಾಕ ನಾಚಿಕಿ ಬರತೈತಿ" ಎಂದ ಪ್ರಸನ್ನ. ಸುವರ್ಣಾ ಅವನ ಕಡೆ ಕಣ್ಣು ಬಿಟ್ಟಳು.

"ಹೆದರಬ್ಯಾಡ್ರಿ, ಮಣಿಯ ನೆರವು ಶುರು ಮಾಡೂಣು. ಇನ್ನೂ ವಯಸ್ಸು ಐತಿ" ಎಂದಳು ಕ್ಷಮಾ ಮಿಸ್. ಕೇಂದ್ರದ ಮನುಷ್ಯರೇ ಮನೆಯಲ್ಲಿರುವುದರಿಂದ ವಿವರಿಸಿ ಹೇಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಮಗು ಗುನುಗುವ ಮುನ್ನ ಅದರ ಗಂಟಲಿನ ನರಗಳಲ್ಲಿ ಒಂದು ಸಣ್ಣ ಅಲುಗಾಟ ಏಳುತ್ತದೆ. ನೆರವು ಶುರು ಮಾಡಿದ ಮಣಿ ಅದನ್ನು ಹಿಡಿದು, ಮಗು ಯಾವ ಸ್ವರಕ್ಕೆ ಹೊರಟಿದೆ ಎಂದು ಊಹಿಸಿ, ಅದಕ್ಕಿಂತ ಹೆಚ್ಚು ಅಂಕ ಬರುವ ಸ್ವರವನ್ನು ಎಲುಬಿನ ಮೂಲಕ ಕಿವಿಯೊಳಗೆ ಮೆಲ್ಲಗೆ ನುಡಿಸುತ್ತದೆ. ಮಗು ಅದನ್ನು ತನ್ನದೇ ಎಂದುಕೊಂಡು ಹಾಡುತ್ತದೆ. ಹೊಡೆತವಿಲ್ಲ, ಗದರಿಕೆಯಿಲ್ಲ. ಒಪ್ಪಿಗೆಯ ಗುರುತಿಗೆ ಮೂವರೂ ಹೆಬ್ಬೆರಳು ಒತ್ತಿ ಬಂದರು.

*

ಮಳೆಗಾಲ ಕಳೆಯುವಷ್ಟರಲ್ಲಿ ನೀಲಿ ಬೇರೆಯೇ ಆಗಿದ್ದಳು. ಏನು ಕಂಠ, ಏನು ನಿಲುಗಡೆ! ಬಂದವರ ಮುಂದೆ ಕೈಕಟ್ಟಿ ನಿಂತು, ತಾನೇ ಕಟ್ಟಿದ್ದೆಂದು ಹೇಳಿ ಹಾಡತೊಡಗಿದರೆ ಕೇಳಿದವರು ಬೆರಗಾಗುತ್ತಿದ್ದರು. ಸೃಜನಾಂಕ ಮೇಲೆ ಮೇಲೆ ಏರಿತು. ಪ್ರಸನ್ನ ಡಿಪೋದವರಿಗೆಲ್ಲ ಮಿಠಾಯಿ ಹಂಚಿದ. ಇಂದುಮತಿಯವರಂತೂ ಮೊಮ್ಮಗಳನ್ನು ತಲೆಯ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ. ಇಷ್ಟು ವರ್ಷ ನೂರಾರು ಹುಡುಗಿಯರಿಗೆ ಕಲಿಸಿದ್ದು ಕೊನೆಗೂ ತಮ್ಮ ರಕ್ತದಲ್ಲಿ ಫಲ ಕೊಟ್ಟಿತು ಎಂದು ಅವರಿಗೆ ಅನ್ನಿಸಿತ್ತು.

ಒಂದು ಬೆಳಿಗ್ಗೆ ನೀಲಿಗೆ ಸ್ನಾನ ಮಾಡಿಸಲೆಂದು ಅವರು ಮಣಿ ತೆಗೆದಿಟ್ಟರು. ಸುವರ್ಣಾ ಒಳಗೆ ಶೇಂಗಾ ಚಟ್ನಿಗೆ ಮಿಕ್ಸಿ ಹಚ್ಚಿದಳು. ನೀಲಿ ತಲೆ ಒರೆಸಿಕೊಂಡು ಸುಮ್ಮನೆ ಮಣೆಯ ಮೇಲೆ ಕೂತೇ ಇದ್ದಳು. ಎಷ್ಟು ದಿನವಾಯಿತು ಇವಳು ಅಡುಗೆಮನೆಗೆ ಓಡಿ ಎಂದು ಇಂದುಮತಿಗೆ ಆಗ ಹೊಳೆಯಿತು.

"ಯಾಕವ್ವ, ಇವತ್ತ ಚಟ್ನಿ ಹಾಡು ಇಲ್ಲೇನು?"

ನೀಲಿ ಕಿವಿಯ ಹಿಂದೆ ಬೆರಳಿಟ್ಟು ಮುಟ್ಟಿ ನೋಡಿಕೊಂಡಳು. "ಇನ್ನೂ ಬಂದಿಲ್ಲ ಅಜ್ಜಿ."

"ಏನು ಬಂದಿಲ್ಲ?"

"ಹಾಡು."

ಅವಳು ಕಾಯುತ್ತಿದ್ದಳು. ಅಳುವಿಲ್ಲ, ಹಟವಿಲ್ಲ. ಬಸ್ ನಿಲ್ದಾಣದಲ್ಲಿ ಕೂತವರು ಕಾಯುವಂತೆ ಕಾಯುತ್ತಿದ್ದಳು. ಮಣಿಯನ್ನು ಇಂದುಮತಿ ಅಂದು ಮತ್ತೆ ಅಂಟಿಸಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು. ನೀಲಿ ಆಡಿದಳು, ಉಂಡಳು, ಜಗಳ ಮಾಡಿದಳು, ಹಾಡೆಂದರೆ ಕಲಿಸಿದ ಹಾಡನ್ನು ಅಚ್ಚುಕಟ್ಟಾಗಿ ಒಪ್ಪಿಸಿದಳು. ಆದರೆ ಒಬ್ಬಳೇ ಇದ್ದಾಗ ಒಂದು ಸಲವೂ ಗುನುಗಲಿಲ್ಲ.

*

"ಅದು ಬರೂದಿಲ್ರಿ ಟೀಚರ" ಎಂದ ಇಮ್ತಿಯಾಜ್. ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಪರದೆಗಳು. ಒಂದೊಂದು ಪರದೆಯ ಮೇಲೂ ಸಾವಿರಾರು ಮಕ್ಕಳ ಸ್ವರಗಳು ಗೆರೆಗಳಾಗಿ ಹರಿಯುತ್ತಿದ್ದವು. ಎಲ್ಲ ಗೆರೆಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಏರಿ ಒಂದೇ ಎತ್ತರದಲ್ಲಿ ಇಳಿಯುತ್ತಿದ್ದವು. "ತನ್ನ ಸ್ವರ ಹುಟ್ಟೂಕಿಂತ ಮೊದಲೇ ಬ್ಯಾರೆ ಸ್ವರ ಬಂದು ಕುಂತುಬಿಟ್ರ, ಮಿದುಳು ತನ್ನದು ಹುಟ್ಟಸೂ ಕೆಲಸಾನ ಬಿಡತೈತಿ. ಆ ದಾರಿ ಮುಚ್ಚಿ ಹೋಗತೈತಿ. ಮಣಿ ತಗದ ಮಕ್ಕಳನ್ನ ನಾವು ನೋಡೀವ್ರಿ. ಕಲಿಸಿದ್ದು ಹಾಡತಾವು. ಕಟ್ಟಂಗಿಲ್ಲ."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕುಂತೀರೇನು?" ಇಂದುಮತಿಯವರ ದನಿ ಇಡೀ ಕೊಠಡಿಗೆ ಕೇಳಿತು.

"ಎಲ್ಲೀ ಬೀಗ್ರಿ? ಪಾಲಕರ ಸಭಾ ಕರದು ಹೇಳಿದ್ವಿ, ಟೀಚರುಗಳ ಸಭಾದಾಗ ಹೇಳಿದ್ವಿ. ಕಟ್ಟಲಿಲ್ಲ ಅಂದ್ರ ಏನಾತು, ಛಲೋ ಹಾಡತಾವಲ್ಲ ಅಂದ್ರು. ನೆರವು ಕಡಿಮಿ ಮಾಡತೀವಿ ಅಂದಿದ್ದಕ್ಕ ನಮ್ಮ ಮ್ಯಾಲೇ ಸಿಟ್ಟಿಗೆದ್ರು. ನೀವೂ ಇದ್ರಿ ಟೀಚರ ಆ ಸಭಾದಾಗ."

ಇದ್ದರು. ಚಹಾ ಕುಡಿದು, ಪಕ್ಕದವರೊಡನೆ ಶ್ರುತಿ ಪೆಟ್ಟಿಗೆಗಳ ವಿಷಯ ಮಾತಾಡಿ ಎದ್ದು ಬಂದಿದ್ದರು.

"ಅಕಿ ಹಳೇ ಗುನುಗು ನಿಮ್ಮ ಹತ್ರ ಅದಾವಲ್ಲ? ನಂಗ ಕೇಳಸು" ಎಂದರು ಇಂದುಮತಿ. ಮನೆಯವರು ಕೇಳಿದರೆ ಕೊಡಬೇಕೆಂಬ ನಿಯಮವಿತ್ತು. ಇಮ್ತಿಯಾಜ್ ಹುಡುಕಿ ತೆಗೆದ. ಕೊಳಲಿನ ನಾದ ಶುರುವಾಯಿತು. ಜಾರಿಕೊಂಡು ಕೆಳಗೆ ಬಂತು. ಎಳೆದುಕೊಂಡು ಮೇಲೆ ಹೋಯಿತು. ಇಂದುಮತಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಯಾರ ಕೂಸೋ ಏನೋ ಎಂದು ತಾವು ಹೆಡ್‌ಫೋನ್ ಕಿತ್ತಿಟ್ಟ ಗುನುಗು ಅದು.

"ನಾ ಕೊಟ್ಟ ಒಂದು ಅಂಕ ಇದಕ್ಕ" ಎಂದರು. ಪರದೆಗೆ ಬೆರಳು ತೋರಿಸಿ, "ಅದನ್ನ ತಿದ್ದು. ಹತ್ತು ಹಾಕು. ನನ್ನ ಹೆಸರಲೇ ಹಾಕು" ಎಂದರು.

ಇಮ್ತಿಯಾಜನಿಗೆ ಅವರ ಮುಖ ನೋಡಲಾಗಲಿಲ್ಲ. "ತಿದ್ದಿದ್ರೂ ಏನೂ ಆಗೂದಿಲ್ರಿ. ಇದನ್ನ ನೀವು ಒಬ್ರೇ ಕೇಳಿಲ್ಲ. ಮತ್ತೂ ಭಾಳ ಮಂದಿ ಕೇಳ್ಯಾರ, ಬ್ಯಾರೆ ಬ್ಯಾರೆ ಊರಾಗ. ಎಲ್ಲಾರೂ ಒಂದೇ ಹಾಕ್ಯಾರ." ಪರದೆಯ ಮೇಲೆ ಒಂದರ ಕೆಳಗೊಂದು ಒಂದುಗಳ ಸಾಲು ನಿಂತಿತ್ತು. "ಪಾಲಕರು ಟೀಚರುಗಳು ಇಷ್ಟು ಒಕ್ಕಟ್ಟಾಗಿ ಇದ್ದದ್ದು ನಾ ಬ್ಯಾರೆ ಯಾವ ವಿಷಯದಾಗೂ ಕಂಡಿಲ್ಲ."

ಆ ಗುನುಗನ್ನು ಫೋನಿಗೆ ಹಾಕಿಸಿಕೊಂಡು ಅವರು ಮನೆಗೆ ಬಂದರು. ದಾರಿಯುದ್ದಕ್ಕೂ ತಮ್ಮಷ್ಟಕ್ಕೇ ವಾದ ಹೂಡಿದರು. ಯಾರ ಕಿವಿಗೆ ಹಾಕಿದರೂ ಅದು ಬೇಸುರವೇ ಅಲ್ಲವೇ? ಇಲ್ಲದ್ದನ್ನು ಇದೆ ಅನ್ನಲಾದೀತೇ? ಮೊಮ್ಮಗಳದೆಂದ ಮಾತ್ರಕ್ಕೆ ಅಪಸ್ವರ ಸ್ವರವಾದೀತೇ? ಇಲ್ಲವೆಂದೇ ಅವರ ಮನಸ್ಸು ಹೇಳಿತು, ಅದರಿಂದ ಒಂದಿಷ್ಟು ಸಮಾಧಾನವೂ ಆಯಿತು.

*

ಮರುದಿನ ರವಿವಾರ. ಸುವರ್ಣಾ ದೋಸೆಗೆ ಕೊಬ್ಬರಿ ಚಟ್ನಿ ಮಾಡುತ್ತಿದ್ದಳು. ಇಂದುಮತಿ ಅಡುಗೆಮನೆಯ ಬಾಗಿಲಲ್ಲಿ ಕೂತು ಮತ್ತೊಮ್ಮೆ ಫೋನಿನಲ್ಲಿ ಆ ಗುನುಗು ಹಚ್ಚಿದರು. ಅದೇ ಹೊತ್ತಿಗೆ ಮಿಕ್ಸಿ ಶುರುವಾಯಿತು.

ಮಿಕ್ಸಿ ಮೊದಲು ಗಂಟಲು ಬಿಗಿಹಿಡಿದು ಕೆಳಗಿನ ದನಿಯಲ್ಲಿ ಗುರುಗುಟ್ಟಿತು. ಕೊಬ್ಬರಿ ನುಣ್ಣಗಾದಂತೆ ಹಗುರಾಗಿ ದನಿ ಏರುತ್ತ ಹೋಯಿತು. ಸುವರ್ಣಾ ನೀರು ಹಾಕಿ ಮತ್ತೆ ಹಚ್ಚಿದಳು, ದನಿ ಭಾರವಾಗಿ ಕೆಳಗೆ ಜಾರಿತು. ಆ ಏರಿಳಿತದ ಮೇಲೆ ಫೋನಿನ ಕೊಳಲು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಗುತ್ತ, ಒಂದು ಜಾಗದಲ್ಲಿ ತಟ್ಟನೆ ಹೊಂದಿಕೊಂಡಿತು. ಮಿಕ್ಸಿ ಷಡ್ಜವಾಗಿತ್ತು. ಷಡ್ಜವೇ ಜಾರುತ್ತಿತ್ತು, ಮತ್ತು ಆ ಜಾರುವ ಷಡ್ಜದ ಜೊತೆ ಜೊತೆಗೇ, ಒಂದು ಕೂದಲೆಳೆಯಷ್ಟೂ ತಪ್ಪದೆ, ಪಂಚಮ ಜಾರುತ್ತಿತ್ತು, ಗಾಂಧಾರ ಜಾರುತ್ತಿತ್ತು. ಓಡುವ ನೆಲದ ಮೇಲೆ ನಾಲ್ಕು ವರ್ಷದ ಕೂಸು ಮನೆ ಕಟ್ಟಿತ್ತು. ಇಂಥದ್ದನ್ನು ತಮ್ಮ ಗುರುಗಳು ಮಾಡಿದ್ದನ್ನು ಅವರು ಕೇಳಿರಲಿಲ್ಲ, ಯಾವ ಮಹಾ ಗಾಯಕರು ಮಾಡಿದ್ದನ್ನೂ ಕೇಳಿರಲಿಲ್ಲ. ಮಣಿ ಗದ್ದಲವೆಂದು ಸೋಸಿ ಎಸೆದದ್ದು ಮಗುವಿನ ಶ್ರುತಿಯನ್ನೇ. ಆ ಜಾಗದಲ್ಲಿ ತಾವು ತಮ್ಮ ಪೆಟ್ಟಿಗೆ ತಂದಿಟ್ಟಿದ್ದರು.

"ಅತ್ತೀ, ಯಾಕ್ರಿ, ಏನಾತು?" ಸುವರ್ಣಾ ಮಿಕ್ಸಿ ನಿಲ್ಲಿಸಿ ಓಡಿ ಬಂದಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು.

"ಹಚ್ಚು, ಮಿಕ್ಸಿ ಹಚ್ಚು! ನೀಲಿನ್ನ ಕರಿ!"

ನೀಲಿ ಬಂದಳು. ಏನೂ ತಿಳಿಯದೆ ಸುವರ್ಣಾ ಮತ್ತೆ ಮಿಕ್ಸಿ ಹಚ್ಚಿದಳು. ಇಂದುಮತಿ ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದರು. ನೀಲಿ ಗಮನವಿಟ್ಟು ಕೇಳಿದಳು. ಹುಬ್ಬು ಗಂಟಾಯಿತು. ಮೂಗು ಮುರಿದಳು.

"ಇದು ತಪ್ಪೈತಿ ಅಜ್ಜಿ."

"ಇಲ್ಲ ನನ ಬಂಗಾರ, ಸರಿ ಕೇಳು. ಮಿಕ್ಸಿ ಕೂಡ ಕೇಳು."

"ಶ್ರುತಿ ಇಲ್ಲ. ಯಾರು ಹಾಡಿದ್ದು? ಪಾಪ, ಅವರಿಗೆ ಹಾಡಾಕ ಬರಂಗಿಲ್ಲ."

ಕೊಳಲಿನ ದನಿಯಾದ್ದರಿಂದ ಗುರುತು ಹತ್ತಲಿಲ್ಲವೇನೋ, ಮನುಷ್ಯರ ಬಾಯಲ್ಲಿ ಕೇಳಿದರೆ ಒಳಗೆಲ್ಲೋ ಅಲುಗೀತು ಎಂದು ಇಂದುಮತಿ ಆಸೆಪಟ್ಟರು. ಫೋನ್ ಕೆಳಗಿಟ್ಟು ತಾವೇ ಹಾಡಲು ಹೋದರು. ಮಗುವಿನ ಮುಂದೆ ಮೊಣಕಾಲೂರಿ ಕೂತು, ಕಣ್ಣು ಮುಚ್ಚಿ, "ಚಟ್ನೀ ಎಲ್ಲಿಗೆ ಹೊಂಟೀ" ಎಂದು ಎತ್ತಿದರು.

ಮಿಕ್ಸಿ ಏರಿತು. ಅವರ ಕಂಠ ಏರಲಿಲ್ಲ. ಹಿಡಿದ ಷಡ್ಜದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟಿತು. ಮತ್ತೆ ಎತ್ತಿದರು. ಜಾರಬೇಕಾದ ಕಡೆ ಗಂಟಲು ಮೆಟ್ಟಿಲು ಹುಡುಕಿಕೊಂಡು ಇಳಿಯಿತು, ಒಂದೊಂದು ಸ್ವರವನ್ನೂ ಒರೆಸಿ ಜಾಗದಲ್ಲಿಟ್ಟಿತು. ತಪ್ಪಾಗಿ ಹಾಡು ತಾಯಿ ಎಂದು ತಮ್ಮ ಗಂಟಲಿಗೆ ತಾವೇ ಕೈಮುಗಿದು ಬೇಡಿಕೊಂಡರೂ ಅದು ಕೇಳಲಿಲ್ಲ. ಬಾಲ್ಯದಿಂದ ಅದಕ್ಕೆ ಕಲಿಸಿದ್ದು ಇದೊಂದನ್ನೇ. ಮೂರನೆಯ ಸಲಕ್ಕೆ ಚಟ್ನಿ ಹಾಡು ತುಂಬ ಚೆಂದದ, ಯಾರಾದರೂ ಎಲ್ಲೋ ಕೇಳಿದ್ದೇವೆ ಅನ್ನುವಂಥ ಹಾಡಾಗಿ ಅವರ ಬಾಯಿಂದ ಹೊರಬಂತು.

ನೀಲಿಯ ಮುಖ ಅರಳಿತು. ಚಪ್ಪಾಳೆ ತಟ್ಟಿ, ಕೈಕಟ್ಟಿ ನಿಂತು, ಅಜ್ಜಿ ಹಾಡಿದ್ದನ್ನು ಹಾಡಿದಂತೆಯೇ ಹಾಡಿದಳು. ಒಂದು ಸ್ವರ ಆಚೆ ಈಚೆ ಆಗಲಿಲ್ಲ. ಸುವರ್ಣಾ ಗದ್ದಲ ಬೇಡವೆಂದು ಮಿಕ್ಸಿ ಆರಿಸಿದಳು. ಪ್ರಸನ್ನ ಹಲ್ಲುಜ್ಜುತ್ತಿದ್ದವನು ಹಾಗೆಯೇ ಬಂದು ಬಾಗಿಲಲ್ಲಿ ನಿಂತ.

"ಮಣಿ ಇಲ್ಲದೇನೂ ಎಷ್ಟು ಛಂದ ಹಾಡಾಕತ್ತಾಳ ನೋಡಬೇ! ತಡಿ, ಇದನ್ನ ತಕ್ಕೊಂಡು ಮಿಸ್‌ಗೆ ಕಳಸೂಣು" ಎಂದು ಫೋನ್ ತರಲು ಓಡಿದ.

ನೀಲಿ ಅಜ್ಜಿಯ ಹತ್ತಿರ ಬಂದು ಅವರ ಎರಡೂ ಗಲ್ಲ ಹಿಡಿದು ಮುಖ ಎತ್ತಿದಳು. "ಅಳಬ್ಯಾಡ ಅಜ್ಜಿ. ಅವರು ತಪ್ಪು ಹಾಡಿದ್ರು, ನಾವು ಸರಿ ಮಾಡಿದ್ವಿ. ಈಗ ಸರಿ ಆತಲ್ಲ?"

ಇಲ್ಲ ಎನ್ನಲು ಇಂದುಮತಿ ಬಾಯಿ ತೆರೆದರು. ಮಗು ಅಂಕಕ್ಕಾಗಿ ಕಣ್ಣರಳಿಸಿಕೊಂಡು ಕಾಯುತ್ತಿತ್ತು.

"ಸರಿ ಆತವ್ವ" ಎಂದರು.